ಬಸ್ಸಿಲ್ಲವೆಂಬ ನೆಪ

ತಮಿಳುನಾಡಿನ ಸೇಲಂನಿಂದ ಧರ್ಮಪುರಿಯವರೆಗೆ ಊರಾಚೆಯ ಯಾವ ಕಚೇರಿಗೆ, ಯಾವ ಕಾಲೇಜಿಗೆ, ಯಾವ ಆಸ್ಪತ್ರೆಗೆ ಬೇಕಾದರೂ ಹೋಗಿ ಕೇಳಿ ನೋಡಿ: ದಿನವೂ ಒಬ್ಬೊಬ್ಬರು ಒಂದೊಂದು ಗಾಡಿಯಲ್ಲಿ ಏಕೆ ಬರುತ್ತೀರಿ? ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ‘ಇಲ್ಲಿಗೆ ಬಸ್ಸಿಲ್ಲ ಸಾರ್.’ ಹೇಳುವವರ ದನಿಯಲ್ಲಿ ಅಳುಕಿಲ್ಲ, ಬೇಸರವೂ ಇಲ್ಲ. ಈ ಸಲ ಮಳೆಯಿಲ್ಲ ಎನ್ನುವಷ್ಟೇ ಸಲೀಸಾಗಿ ಹೇಳಿಬಿಡುತ್ತಾರೆ. ಮಳೆಗೆ ನಾವು ಹೊಣೆಯಲ್ಲ, ನಿಜ. ಬಸ್ಸಿಗೆ ಹೊಣೆ. ಕೇಳುವವರಿದ್ದು, ಹತ್ತುವವರಿದ್ದರೆ ಬಸ್ಸು ಬರುತ್ತದೆ. ಕೇಳದೆ, ಬಂದದ್ದನ್ನೂ ಹತ್ತದೆ ಹೋದರೆ ನಿಂತುಹೋಗುತ್ತದೆ. ಒಂದೇ ಕಟ್ಟಡದಲ್ಲಿ ವರ್ಷಾನುಗಟ್ಟಲೆ ಸಂಬಳ ಎಣಿಸಿಕೊಂಡು, ಅಲ್ಲಿಗೊಂದು ಬಸ್ಸು ಬೇಕೆಂದು ಅರ್ಜಿ ಬರೆಯುವ ಗೋಜಿಗೇ ಹೋಗದವರು ‘ಬಸ್ಸಿಲ್ಲ’ ಎಂದು ದೂರುವುದಕ್ಕೆ ನಮ್ಮ ಹಿರಿಯರು ಆಗಲೇ ಗಾದೆ ಕಟ್ಟಿಟ್ಟಿದ್ದಾರೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

44ನೇ ರಾಷ್ಟ್ರೀಯ ಹೆದ್ದಾರಿಯ ಇಕ್ಕೆಲ ನೋಡುತ್ತ ಬಂದರೆ ಈ ಎರಡು ಜಿಲ್ಲೆಗಳ ಕಟ್ಟಡಗಳು ಊರು ಬಿಟ್ಟು ಹೊರಟ ಬಗೆ ಗೊತ್ತಾಗುತ್ತದೆ. 1966ರಲ್ಲಿ ಶುರುವಾದ ಸೇಲಂನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇರುವುದು ಕರುಪ್ಪೂರಿನಲ್ಲಿ. 1997ರಲ್ಲಿ ಹುಟ್ಟಿದ ಪೆರಿಯಾರ್ ವಿಶ್ವವಿದ್ಯಾಲಯವೂ ಅದೇ ದಿಕ್ಕಿನಲ್ಲಿ. ಮೋಹನ್ ಕುಮಾರಮಂಗಲಂ ಹೆಸರಿನ ಸರ್ಕಾರಿ ವೈದ್ಯಕೀಯ ಕಾಲೇಜಿನದು ಇನ್ನೂ ವಿಚಿತ್ರ: ರೋಗಿಗಳಿರುವ ಆಸ್ಪತ್ರೆ ಪೇಟೆಯೊಳಗೆ, ಕಾಲೇಜು ಉಕ್ಕಿನ ಕಾರ್ಖಾನೆಯ ರಸ್ತೆಯಲ್ಲಿ. ಧರ್ಮಪುರಿಯ ನ್ಯಾಯಾಲಯಗಳು ತಡಂಗಂಗೆ ಹೋದವು. ಉಕ್ಕಿನ ಕಾರ್ಖಾನೆ ಕಂಜಮಲೈ ಬುಡದಲ್ಲಿ ಕೂತದ್ದಕ್ಕಾದರೂ ಆ ಬೆಟ್ಟದ ಕಬ್ಬಿಣದ ಅದಿರು ನೆಪವಾಗಿತ್ತು. ಇವೆಲ್ಲಕ್ಕೂ ದೊಡ್ಡ ರಸ್ತೆಯ ಬಸ್ಸುಗಳು ಅಷ್ಟಿಷ್ಟು ಸಿಗುತ್ತವೆ. ಇವುಗಳ ಬೆನ್ನಿಗೆ ಎದ್ದ ಖಾಸಗಿ ಕಾಲೇಜುಗಳು, ಆಸ್ಪತ್ರೆಗಳು, ಗೋದಾಮುಗಳು, ಗಾರ್ಮೆಂಟ್ ಶೆಡ್ಡುಗಳು ಹೆದ್ದಾರಿಯಿಂದಲೂ ಒಳಕ್ಕೆ ಸರಿದು, ಜೋಳದ ಹೊಲ, ಮರಗೆಣಸಿನ ಹೊಲಗಳ ನಡುವೆ ಗೇಟು ಹಾಕಿಕೊಂಡು ಕೂತಿವೆ. ಅಲ್ಲಿ ಅದಿರೂ ಇಲ್ಲ, ನದಿಯೂ ಇಲ್ಲ. ಇದ್ದದ್ದು ಒಂದೇ, ಅಗ್ಗದ ಜಮೀನು.

ಅಗ್ಗ ಯಾರಿಗೆ? ಜಮೀನು ಕೊಂಡ ಟ್ರಸ್ಟಿಗೆ. ಅದು ಒಂದು ಸಲ ಉಳಿಸಿದ ದುಡ್ಡನ್ನು ಆಮೇಲೆ ಸಾವಿರ ಜನ ಮೂವತ್ತು ವರ್ಷ ಪೆಟ್ರೋಲ್ ಬಂಕಿನಲ್ಲಿ ಕಟ್ಟುತ್ತಾರೆ. ಹೊಗೆಯ ಲೆಕ್ಕವಂತೂ ಯಾರ ಖಾತೆಯಲ್ಲೂ ಇಲ್ಲ. ಕಟ್ಟಡದ ನಕ್ಷೆಗೆ ಅನುಮತಿ ಕೊಡುವ ತಮಿಳುನಾಡಿನ ನಿಯಮಗಳು ಗಾಡಿ ನಿಲ್ಲಿಸಲು ಇಷ್ಟು ಜಾಗ ಬಿಡಲೇಬೇಕು ಎಂದು ಅಳತೆ ಹಿಡಿದು ಹೇಳುತ್ತವೆ. ಜನ ಬಂದು ಇಳಿಯುವುದು ಹೇಗೆ ಎಂದು ಮಾಲೀಕನನ್ನು ಅಷ್ಟೇ ಗಟ್ಟಿಯಾಗಿ ಕೇಳುವವರು ಯಾರೂ ಇಲ್ಲ. ಹೀಗಾಗಿ ಗಾಡಿ ಇಲ್ಲದವನು ಅಲ್ಲಿಗೆ ಬರುವ ಹಾಗೇ ಇಲ್ಲ ಎಂಬುದು ಕಟ್ಟಡದ ತಳಪಾಯದಲ್ಲೇ ತೀರ್ಮಾನವಾಗಿರುತ್ತದೆ. ಇದು ತಮಿಳುನಾಡಿನ ರೋಗವೆಂದು ಗಡಿಯಾಚೆಯ ಕನ್ನಡಿಗರು ಬೀಗಬೇಕಿಲ್ಲ. ಕುವೆಂಪು ವಿಶ್ವವಿದ್ಯಾಲಯವನ್ನು ಶಿವಮೊಗ್ಗದಿಂದ ಅಷ್ಟು ದೂರದ ಶಂಕರಘಟ್ಟದಲ್ಲಿ ಇಟ್ಟವರು ಕನ್ನಡಿಗರೇ.

ಹೊಗೆಯ ಲೆಕ್ಕವನ್ನು ಇಲ್ಲೇ ಹಾಕಿಬಿಡೋಣ, ಕಷ್ಟವೇನಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಡೀಸೆಲ್ಲಾದರೆ 2.7 ಕಿಲೋ. ಮನೆಯಿಂದ ಕೆಲಸದ ಜಾಗ 20 ಕಿ.ಮೀ. ಎನ್ನಿ. ತಿಂಗಳಿಗೆ 25 ದಿನದ ಹೋಗಿಬರುವಿಕೆ ಸಾವಿರ ಕಿಲೋಮೀಟರ್ ಆಯಿತು. ಲೀಟರಿಗೆ 15 ಕಿ.ಮೀ. ಓಡುವ ಕಾರಿನಲ್ಲಿ ಒಬ್ಬನೇ ಕೂತು ಹೋದರೆ ತಿಂಗಳಿಗೆ 67 ಲೀಟರ್, ಅಂದರೆ ನೂರೈವತ್ತು ಕಿಲೋ ಚಿಲ್ಲರೆ. ವರ್ಷಕ್ಕೆ ಸುಮಾರು 1.8 ಟನ್. ಭಾರತದಲ್ಲಿ ತಲಾವಾರು ವರ್ಷವಿಡೀ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಎರಡು ಟನ್ನಿನ ಆಸುಪಾಸು. ಅದರಲ್ಲಿ ವಿದ್ಯುತ್ತು, ಸಿಮೆಂಟು, ಕಬ್ಬಿಣ, ಅಡುಗೆ ಎಲ್ಲ ಸೇರಿದೆ. ಸರಾಸರಿ ಭಾರತೀಯನ ಇಡೀ ವರ್ಷದ ಬಾಳುವೆಗೆ ಬೇಕಾದಷ್ಟನ್ನು ಹೆಚ್ಚುಕಡಿಮೆ ನಮ್ಮ ಮಾನ್ಯರು ಕೆಲಸಕ್ಕೆ ಹೋಗಿಬರುವುದರಲ್ಲೇ ಮುಗಿಸುತ್ತಾರೆ. ಲೀಟರಿಗೆ 50 ಕೊಡುವ ಮೋಟಾರ್ ಬೈಕಿಗೆ ಇದೇ ದಾರಿಗೆ ತಿಂಗಳಿಗೆ 46 ಕಿಲೋ. ಲೀಟರಿಗೆ ಐದು ಕಿ.ಮೀ. ಓಡುವ ಹಳೇ ಬಸ್ಸಾದರೂ ಐವತ್ತು ಜನ ಕೂತರೆ ತಲೆಗೆ ಬೀಳುವುದು 11 ಕಿಲೋ. ಬಸ್ಸು ಅರ್ಧ ಖಾಲಿ ಓಡಿದರೂ 22. ಈ ಲೆಕ್ಕವನ್ನು ಎಂಟನೇ ತರಗತಿಯ ಹುಡುಗಿ ಮಾಡಬಲ್ಲಳು. ಅವಳಿಗೆ ಪಾಠ ಹೇಳುವ ಮೇಷ್ಟ್ರು ಮಾಡಿರುವುದಿಲ್ಲ.

ಮೇಷ್ಟ್ರ ಮಾತು ಬಂದ ಮೇಲೆ ಅಷ್ಟಕ್ಕೇ ಬಿಡುವ ಹಾಗಿಲ್ಲ. ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಲು ಹೇಳಿತು. ಅದರ ಫಲವಾಗಿ ಇಂದು ಪದವಿ ಓದುವ ಪ್ರತಿಯೊಬ್ಬರೂ ಪರಿಸರ ಅಧ್ಯಯನದ ಒಂದು ಪತ್ರಿಕೆ ಬರೆಯುತ್ತಾರೆ. ಆ ಪಾಠಕ್ಕೆಂದು ಬರುವ ಅಧ್ಯಾಪಕರು ಕಾಲೇಜಿನ ಅಂಗಳದ ಬೇವಿನ ನೆರಳಲ್ಲಿ ಕಾರು ನಿಲ್ಲಿಸಿ, ಒಳಗೆ ಹೋಗಿ ಹಸಿರುಮನೆ ಪರಿಣಾಮದ ಚಿತ್ರ ಬರೆಸುತ್ತಾರೆ. ಅದೇ ಅಂಗಳದಲ್ಲಿ ಸಾಲಾಗಿ ಹಳದಿ ಬಸ್ಸುಗಳು ನಿಂತಿರುತ್ತವೆ. ‘ಬಸ್ಸಿಲ್ಲದ ಜಾಗ’ದಲ್ಲಿ ಬಸ್ಸುಗಳ ಸಾಲು! ಓಮಲೂರು, ನಲ್ಲಂಪಳ್ಳಿ, ಪಾಲಕ್ಕೋಡು, ಪೆನ್ನಾಗರಂ ಕಡೆಯ ಹಳ್ಳಿಹಳ್ಳಿಗೂ ಹೊಕ್ಕು ಮಕ್ಕಳನ್ನು ಹೇರಿಕೊಂಡು ಬಂದ ಬಸ್ಸುಗಳಿವು. ಫೀಸು ತುಂಬುವ ಮಕ್ಕಳು ಬೇಕಾದಾಗ ಆಡಳಿತ ಮಂಡಳಿಗೆ ದಾರಿಗಳೆಲ್ಲ ಗೊತ್ತಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಶಿಕ್ಷಣ ಸಂಸ್ಥೆಯ ಬಸ್ಸೆಂದರೆ ವಿದ್ಯಾರ್ಥಿಗಳನ್ನೋ ಸಿಬ್ಬಂದಿಯನ್ನೋ ಸಾಗಿಸುವ ವಾಹನ ಎಂದು ಸ್ಪಷ್ಟವಾಗಿ ಬರೆದಿದೆ. ಸಿಬ್ಬಂದಿಯೂ ಹತ್ತಬಹುದು. ಸಂಬಳ ಕಡಿಮೆಯಿರುವ ಕಿರಿಯ ಅಧ್ಯಾಪಕಿಯರು ಹತ್ತುತ್ತಲೂ ಇದ್ದಾರೆ. ವಿಭಾಗದ ಮುಖ್ಯಸ್ಥರು ಹತ್ತುವುದಿಲ್ಲ. ಹುಡುಗರ ಪಕ್ಕ ಕೂತರೆ ಘನತೆಗೆ ಏನೋ ಆಗುತ್ತದಂತೆ. ಆ ಘನತೆಯ ಬೆಲೆ ತಿಂಗಳಿಗೆ ನೂರೈವತ್ತು ಕಿಲೋ ಹೊಗೆ.

ಇದೇ ಜಿಲ್ಲೆಗಳ ನೂಲಿನ ಗಿರಣಿಗಳನ್ನು ನೋಡಿ. ಪಾಳಿಗೆ ಬರುವ ಹೆಣ್ಣುಮಕ್ಕಳನ್ನು ಮಿಲ್ ವ್ಯಾನು ಹಳ್ಳಿಯ ಬಾಗಿಲಿಂದ ಎತ್ತಿಕೊಂಡು ಬಂದು ಇಳಿಸುತ್ತದೆ. 2004ರವರೆಗೆ ಧರ್ಮಪುರಿ ಜಿಲ್ಲೆಯೊಳಗೇ ಇದ್ದ ಹೊಸೂರಿನ ಕಾರ್ಖಾನೆಗಳೂ ಕಂಪನಿ ಬಸ್ಸು ಓಡಿಸಿಕೊಂಡೇ ಬೆಳೆದವು. ಪಾಳಿ ತಪ್ಪಿದರೆ ಯಂತ್ರ ನಿಲ್ಲುತ್ತದೆ, ಅದಕ್ಕಾಗಿ ಮಾಲೀಕರು ಗಾಡಿ ಹೊರಡಿಸಿದರು. ಪರಿಸರ ಅವರ ತಲೆಯಲ್ಲಿ ಇರಲಿಲ್ಲ, ಆದರೂ ಕೆಲಸ ಆಯಿತು. ವ್ಯಾನಿನಲ್ಲಿ ಹನ್ನೆರಡು ಜನ ಒತ್ತಿ ಕೂತು ಬರುವುದು ಕೂಲಿಯ ಹೆಣ್ಣಿಗೆ ಆಗುತ್ತದೆ. ಎಂ.ಫಿಲ್ ಮಾಡಿದವರಿಗೆ, ಗೆಜೆಟೆಡ್ ಅಧಿಕಾರಿಗಳಿಗೆ, ಆಸ್ಪತ್ರೆಯ ತಜ್ಞರಿಗೆ ಆಗುವುದಿಲ್ಲ. ಓದು ಹೆಚ್ಚಾದಷ್ಟೂ ನಾಲ್ಕು ಜನರ ಜೊತೆ ಕೂರುವ ಶಕ್ತಿ ಕುಂದುವುದಾದರೆ ಅಂಥ ಓದಿನಿಂದ ಊರಿಗೆ ಏನು ಬಂತು?

ನಮ್ಮವರದೇ ಇನ್ನೊಂದು ಸಂಗತಿ ಇಲ್ಲಿ ಹೇಳಬೇಕು. ಸೇಲಂ ಸುತ್ತ ನೇಯ್ಗೆಗೆ ನಿಂತ ದೇವಾಂಗರ ಮನೆಗಳಲ್ಲಿ ಇಂದಿಗೂ ಕನ್ನಡವಿದೆ. ಅಂಗಡಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ, ಚೌಡೇಶ್ವರಿಯ ಹಬ್ಬದಲ್ಲಿ ಎರಡೂ. ಆ ಮನೆಗಳ ಪಡಸಾಲೆಯಲ್ಲೇ ಕುಣಿಮಗ್ಗವಿರುತ್ತಿತ್ತು. ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಕೆಲಸ ಶುರು, ಎದ್ದರೆ ಮನೆ. ಹೆಂಡತಿ ಲಾಳಿಗೆ ನೂಲು ಸುತ್ತುತ್ತಿದ್ದಳು, ಹಾಸು ಹುರಿಗೊಳಿಸಲು ಬೀದಿಯೇ ಸಾಕಾಗುತ್ತಿತ್ತು. ಆ ಬಾಳಿನಲ್ಲಿ ಬಡತನವಿತ್ತು, ಮಾಸ್ಟರ್ ನೇಕಾರನ ಸಾಲವಿತ್ತು, ಬೆನ್ನುನೋವಿತ್ತು. ಅದನ್ನು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ಮಕ್ಕಳು ಓದಿ ಮಗ್ಗ ಬಿಟ್ಟದ್ದು ಒಳ್ಳೆಯದೇ. ಆದರೆ ಕೆಲಸ ಮನೆಯಲ್ಲಿದ್ದಾಗ ಹೊಗೆಯೇ ಇರಲಿಲ್ಲ ಎಂಬುದನ್ನು ಕಣ್ಣಾರೆ ಕಂಡ ಕುಲದವರು, ಕೆಲಸ ಮನೆಯಿಂದ ದೂರ ಹೋದಾಗ ಆ ದೂರಕ್ಕೂ ಒಂದು ಬೆಲೆಯಿದೆ ಎಂಬುದನ್ನು ಮರೆತದ್ದು ಹೇಗೆ? ಮದುವೆಗೆ ವರ ನೋಡುವಾಗ ಕಾರಿದೆಯೇ ಎಂದು ಕೇಳುವ ನಾವು, ಕೆಲಸ ಎಷ್ಟು ದೂರ ಎಂದು ಕೇಳುವುದೇ ಇಲ್ಲ. ವಾರದಲ್ಲಿ ಒಂದೆರಡು ದಿನವಾದರೂ ಮನೆಯಿಂದಲೇ ಮಾಡಬಹುದಾದ ಕೆಲಸಗಳು ಇಂದು ಎಷ್ಟೋ ಇವೆ: ಲೆಕ್ಕ ಬರೆಯುವುದು, ಉತ್ತರಪತ್ರಿಕೆ ತಿದ್ದುವುದು, ಕಡತ ನೋಡುವುದು. ಕೊರೊನಾ ಕಾಲದಲ್ಲಿ ಮಾಡಿದೆವಲ್ಲ? ಸಹಿ ಹಾಕುವ ಹಾಜರಿ ಪುಸ್ತಕದ ಮೇಲಿನ ಮೋಹಕ್ಕೆ ಅದನ್ನೆಲ್ಲ ಮಡಚಿಟ್ಟೆವು.

ಬಸ್ಸಿರುವ ಕಡೆಯಾದರೂ ಹತ್ತುತ್ತೇವೆಯೇ? 2021ರ ಮೇ 7ರಂದು, ಅಧಿಕಾರಕ್ಕೆ ಬಂದ ದಿನವೇ, ಎಂ. ಕೆ. ಸ್ಟಾಲಿನ್ ಸರ್ಕಾರ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟು ಬೇಡವೆಂದು ಆದೇಶ ಹೊರಡಿಸಿತು. ಕರ್ನಾಟಕದ ಶಕ್ತಿ ಯೋಜನೆ ಬಂದದ್ದು ಅದರ ಎರಡು ವರ್ಷದ ಬಳಿಕ, 2023ರ ಜೂನ್ 11ಕ್ಕೆ. ಅರೂರಿನ ಕೂಲಿಯವಳು, ಪೆನ್ನಾಗರಂನ ಹೂ ಮಾರುವವಳು ಆ ಬಸ್ಸುಗಳನ್ನು ತುಂಬಿದರು. ಅನುಕೂಲಸ್ಥ ಗಂಡಸರು ಅದಕ್ಕೆ ಕೊಟ್ಟ ಹೆಸರು ‘ಓಸಿ ಬಸ್ಸು’, ಅಂದರೆ ಪುಕ್ಕಟೆ ಬಸ್ಸು. ಆಡಿಕೊಂಡು ನಕ್ಕದ್ದಷ್ಟೇ ಬಂತು. ಬಸ್ಸೆಂದರೆ ಬಡವರದು, ಹೆಂಗಸರದು, ನಮ್ಮದಲ್ಲ ಎಂಬುದು ಇನ್ನೂ ಗಟ್ಟಿಯಾಯಿತು. ಟೌನ್ ಬಸ್ಸಿನ ಹಿಂದೆಯೇ ಹಾರನ್ ಬಾರಿಸುತ್ತ ಒಬ್ಬಂಟಿ ಕಾರುಗಳು ಬರುತ್ತವೆ, ದಾರಿಗೆ ಅಡ್ಡವಾದದ್ದು ಬಸ್ಸೇ ಎಂದು ಬೈಯುತ್ತವೆ. ಐವತ್ತು ಜನರನ್ನು ಹೊತ್ತದ್ದು ಅಡ್ಡ, ಒಬ್ಬನನ್ನು ಹೊತ್ತದ್ದು ಸಂಚಾರ!

ಊರಿನ ದುಡ್ಡು ಹೋದದ್ದೂ ಹಾಗೆಯೇ. ಸೇಲಂನ ಐದು ರಸ್ತೆಯ ಎರಡಂತಸ್ತಿನ ಮೇಲ್ಸೇತುವೆ 2020ರ ಜೂನ್‌ನಲ್ಲಿ ಪೂರ್ತಿ ತೆರೆಯಿತು. 7.87 ಕಿ.ಮೀ. ಉದ್ದ, 441 ಕೋಟಿ ರೂಪಾಯಿ. ಬಸ್ಸೊಂದಕ್ಕೆ ಅರ್ಧ ಕೋಟಿ ಎಂದು ಧಾರಾಳವಾಗಿ ಹಿಡಿದರೂ ಎಂಟುನೂರಕ್ಕೆ ಮೇಲ್ಪಟ್ಟು ಬಸ್ಸಿನ ದುಡ್ಡದು. ಸೇತುವೆ ಬೇಡವೇ ಬೇಡ ಎನ್ನುವಷ್ಟು ನಾನು ಮೊಂಡನಲ್ಲ. ಅಲ್ಲಿನ ಗದ್ದಲ ನಾನೂ ಬಲ್ಲೆ. ಆದರೆ ಸೇತುವೆಗಾಗಿ ಎದ್ದ ದನಿಗಳಲ್ಲಿ ಕಾಲುಭಾಗ ಬಸ್ಸಿಗಾಗಿ ಎದ್ದಿದ್ದರೆ? ಏಳಲಿಲ್ಲ, ಏಕೆಂದರೆ ದನಿಯಿರುವವರು ಬಸ್ಸಿನಲ್ಲಿ ಇರಲಿಲ್ಲ. 2018ರಲ್ಲಿ ಸೇಲಂ–ಚೆನ್ನೈ ಎಂಟು ಪಥದ ರಸ್ತೆಗೆ ಧರ್ಮಪುರಿ, ಸೇಲಂ ಜಿಲ್ಲೆಗಳ ರೈತರು ಹೊಲದಲ್ಲಿ ನಿಂತು ಪ್ರತಿಭಟಿಸಿದಾಗ ಪೇಟೆಯ ಸುಶಿಕ್ಷಿತರು ಮೊಬೈಲಿನಲ್ಲಿ ಮರುಗಿದರು. ಮರುಗಿದವರು ಮರುದಿನ ಬೆಳಗ್ಗೆ ಕೆಲಸಕ್ಕೆ ಹೋದದ್ದು ಹೇಗೆ? ಇಷ್ಟು ರಸ್ತೆ ಸಾಲದು, ಇನ್ನೂ ಬೇಕು ಎಂದು ಸರ್ಕಾರ ಹೇಳಿಕೊಳ್ಳಲು ಲೆಕ್ಕ ಒದಗಿಸುವುದೇ ಆ ಒಬ್ಬಂಟಿ ಕಾರುಗಳು.

ಧರ್ಮಪುರಿಯವರಿಗೆ ರೈಲಿನ ಹಂಬಲವೊಂದಿದೆ. ಅದು ನ್ಯಾಯವಾದದ್ದೇ. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲೇ ಸಣ್ಣ ಗೇಜಿನ ರೈಲು ಬಂದಿತ್ತು, 1913ಕ್ಕೆ ಹೊಸೂರಿನವರೆಗೆ ಮುಂದುವರಿಯಿತು, ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ನಿಂತೇಹೋಯಿತು. ಮೊರಪ್ಪೂರು–ಧರ್ಮಪುರಿ ಹಳಿಯನ್ನು ಮತ್ತೆ ಹಾಸಬೇಕೆಂದು ತಲೆಮಾರುಗಳು ಕೇಳಿದ ಮೇಲೆ 2019ರಲ್ಲಿ ಅಡಿಗಲ್ಲು ಬಿತ್ತು. ರೈಲಿಗಾಗಿ ಕಾದದ್ದರಲ್ಲಿ ತಪ್ಪಿಲ್ಲ. ಕಾಯುವುದನ್ನೇ ಕಸುಬು ಮಾಡಿಕೊಂಡದ್ದು ತಪ್ಪು. ರೈಲು ಬಂದ ದಿನ ನೋಡೋಣ ಎನ್ನುತ್ತ, ನಾಳೆ ಬೆಳಗ್ಗೆಯೇ ಆಗುವ ಕೆಲಸಗಳನ್ನು ಮುಂದೂಡುವವರಿಗೆ ಆ ಹಳಿಗಳು ಒಳ್ಳೆಯ ನೆಪ. ರೈಲು ಬಂದರೂ ಅದು ಮೊರಪ್ಪೂರಿಗೆ ಹೋಗುತ್ತದೆ, ನಿಮ್ಮ ಕಾಲೇಜಿನ ಗೇಟಿಗೆ ಬರುವುದಿಲ್ಲ.

ಇನ್ನು ಕೆಲವರು ಬಲು ಜಾಣರು. ‘ನಾನು ಎಲೆಕ್ಟ್ರಿಕ್ ತಗೊಂಡೆ, ನನ್ನ ಪಾಲು ಮುಗೀತು’ ಎನ್ನುತ್ತಾರೆ. ಈ ಸೀಮೆಯಲ್ಲಿ ಹೀಗೆನ್ನುವುದು ಸುಲಭ. ಹೊಸೂರಿನಲ್ಲಿ ಏಥರ್, ಪೋಚಂಪಳ್ಳಿಯಲ್ಲಿ ಓಲಾ, ಸ್ಕೂಟರುಗಳು ನಮ್ಮ ಅಂಗಳದಲ್ಲೇ ತಯಾರಾಗುತ್ತಿವೆ. ಆ ಸ್ಕೂಟರಿಗೆ ಬರುವ ವಿದ್ಯುತ್ತು ಎಲ್ಲಿಯದು? ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ ಅಣೆಕಟ್ಟಿನ ಪಕ್ಕದಲ್ಲೇ 1,440 ಮೆಗಾವಾಟ್‌ನ ಕಲ್ಲಿದ್ದಲ ಸ್ಥಾವರ ನಿಂತಿದೆ. ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ಸಾವಿರ ಕಿಲೋಮೀಟರಿಗೆ ಸ್ಕೂಟರಿನ ಪಾಲು ಸುಮಾರು 25 ಕಿಲೋ. ಪೆಟ್ರೋಲ್ ಬೈಕಿಗಿಂತ ಖಂಡಿತ ಒಳ್ಳೆಯದು, ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಆದರೆ ಅರ್ಧ ಖಾಲಿ ಡೀಸೆಲ್ ಬಸ್ಸಿನಲ್ಲಿ ತಲೆಗೆ ಬೀಳುವ ಹೊಗೆಗಿಂತ ಆಗಲೂ ತುಸು ಹೆಚ್ಚೇ. ಹಿಂದಿನ ಸೀಟಿನಲ್ಲಿ ಸಹೋದ್ಯೋಗಿಯೊಬ್ಬರನ್ನು ಕೂರಿಸಿಕೊಂಡರೆ ಮಾತ್ರ ಲೆಕ್ಕ ತಿರುಗುತ್ತದೆ. ಆ ಸೀಟೇ ಖಾಲಿ. ಅದರ ಮೇಲೆ ಊಟದ ಡಬ್ಬಿ.

ಕಟ್ಟಡದ ಮಾಲೀಕರಿಗೂ ಇಂಥದೇ ಜಾಣತನ. ಮಾಡಿನ ಮೇಲೆ ಸೌರ ಫಲಕ, ಹಿತ್ತಲಲ್ಲಿ ಮಳೆನೀರಿನ ಗುಂಡಿ, ಗೇಟಿನಲ್ಲಿ ‘ಹಸಿರು ಆವರಣ’ ಎಂಬ ಫಲಕ. ಅದರೊಳಗೆ ಮುನ್ನೂರು ಬೈಕು, ಅರವತ್ತು ಕಾರು, ಎಲ್ಲಕ್ಕೂ ಪುಕ್ಕಟೆ ನೆರಳು. ಪುಕ್ಕಟೆ ನಿಲುಗಡೆಗೆ ಎಷ್ಟು ದೊಡ್ಡ ಬೆಲೆಯಿದೆ ಎಂದು ಅಮೆರಿಕದ ಡೊನಾಲ್ಡ್ ಶೂಪ್ 2005ರಲ್ಲಿ ದಪ್ಪ ಪುಸ್ತಕವನ್ನೇ ಬರೆದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರ 2012ರಿಂದ ಕೆಲಸದ ಜಾಗದ ಪಾರ್ಕಿಂಗಿಗೆ ಮಾಲೀಕರ ಮೇಲೆ ತೆರಿಗೆ ಹಾಕಿ, ಆ ಹಣವನ್ನು ಟ್ರಾಮಿಗೆ ಹಾಕಿತು. ಫ್ರಾನ್ಸಿನಲ್ಲಿ 1971ರಿಂದ, ಮೊದಲು ಪ್ಯಾರಿಸ್ ಸೀಮೆಯಲ್ಲಿ, ಸಂಬಳ ಕೊಡುವವರೇ ಸಾರ್ವಜನಿಕ ಸಾರಿಗೆಗೆ ಪಾಲು ಕಟ್ಟುವ ಪದ್ಧತಿಯಿದೆ. ನಮ್ಮಲ್ಲಿ ಕಾರಿನವನಿಗೆ ನೆರಳು ಕೊಡುವ ಸಂಸ್ಥೆ, ನಡೆದು ಬಂದವಳಿಗೆ ಒಂದು ಲೋಟ ನೀರನ್ನೂ ಕೊಡುವುದಿಲ್ಲ. ಸೈಕಲ್ಲಿನವನನ್ನು ವಾಚ್‌ಮನ್ ಹಿಂದಿನ ಗೇಟಿಗೆ ಕಳಿಸುತ್ತಾನೆ. ಆಜ್ಞೆ ಯಾರದು?

ಹಾಗಾದರೆ ಮಾಡುವುದೇನು ಎಂದು ಮುಗ್ಧರಂತೆ ಕೇಳಬೇಡಿ; ನಿಮಗೆ ಗೊತ್ತು. ದೊಡ್ಡ ರಸ್ತೆಯವರೆಗೆ ಬಸ್ಸಿದ್ದರೆ ಉಳಿದ ಮೂರು ಕಿಲೋಮೀಟರಿಗೆ ಸಂಸ್ಥೆಯ ವ್ಯಾನು ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ಓಡಲಿ. ಆರೋಗ್ಯ ಶಿಬಿರಕ್ಕೆ, ಅತಿಥಿಗಳ ಸೇವೆಗೆ ಓಡುವ ವ್ಯಾನು ಸ್ವಂತ ಜನಕ್ಕೆ ಓಡಲಾರದೇ? ಬಸ್ಸು 9:20ಕ್ಕೆ ಬರುವುದಾದರೆ ಹಾಜರಿ 9:15ಕ್ಕೆ ಏಕೆ? ಐದು ನಿಮಿಷದ ಹಟಕ್ಕೆ ನೂರು ಜನರನ್ನು ಬೈಕಿನ ಮೇಲೆ ಹತ್ತಿಸಿದ ಪ್ರಾಂಶುಪಾಲರು ಎಷ್ಟು ಮಂದಿಯೋ. ಆ ನೂರು ಬೈಕುಗಳಲ್ಲಿ ಅರ್ಧ, ಯು ತಿರುವು ದೂರವೆಂದು, ಹೆದ್ದಾರಿಯ ಅಂಚಿನಲ್ಲಿ ಎದುರು ದಿಕ್ಕಿಗೆ ನುಗ್ಗುತ್ತವೆ. ತೊಪ್ಪೂರು ಘಾಟಿಯಲ್ಲಿ ಲಾರಿಗಳು ಬ್ರೇಕು ತಪ್ಪಿ ಇಳಿಯುವ ರಸ್ತೆಯದು ಎಂಬುದು ಮರೆತೇಹೋಗಿರುತ್ತದೆ. ಪಕ್ಕಪಕ್ಕದ ಕಾಲೇಜು, ಆಸ್ಪತ್ರೆ, ಗಿರಣಿ ಮೂವರೂ ಬೇರೆಬೇರೆ ಬಸ್ಸು ಓಡಿಸಿ, ಹತ್ತು ಗಂಟೆಯಿಂದ ನಾಲ್ಕರವರೆಗೆ ಮೂರನ್ನೂ ಬಿಸಿಲಿಗೆ ಒಣಗಿಸುವುದು ಯಾವ ವಿವೇಕ? ಒಬ್ಬರ ಬಸ್ಸಿಗೆ ಇನ್ನೊಬ್ಬರ ಜನ ಹತ್ತಲು ಪರ್ಮಿಟ್ ಅಡ್ಡ ಬರುತ್ತದೆ, ನಿಜ. ಮೂವರೂ ಸೇರಿ ಸರಿಯಾದ ಪರ್ಮಿಟ್ ಇರುವ ಒಂದು ಗಾಡಿಯನ್ನು ಬಾಡಿಗೆಗೆ ಹಿಡಿಯಲು ಯಾರ ಅಡ್ಡಿಯೂ ಇಲ್ಲ.

ಸರ್ಕಾರದ ಬಾಗಿಲೂ ಮುಚ್ಚಿಲ್ಲ. ತಮಿಳುನಾಡು 1997ರಲ್ಲೇ ಬಸ್ಸಿಲ್ಲದ ಹಳ್ಳಿಗಳಿಗೆಂದು ಮಿನಿ ಬಸ್ಸು ತಂದಿತು. ಅದರ ಹೊಸ ರೂಪ 2025ರ ಜೂನ್‌ನಲ್ಲಿ ಶುರುವಾಯಿತು. 25 ಕಿ.ಮೀ.ವರೆಗಿನ ದಾರಿ, ಅದರಲ್ಲಿ ಹೆಚ್ಚಿನ ಪಾಲು ಈವರೆಗೆ ಬಸ್ಸು ಕಾಣದ ರಸ್ತೆಯಾಗಿರಬೇಕು ಎಂಬುದು ಅದರ ಕಟ್ಟಳೆ. ಹೊಲದ ನಡುವಿನ ನಿಮ್ಮ ಕಟ್ಟಡಗಳಿಗೆ ಅಳತೆ ತೆಗೆದು ಮಾಡಿದಂತಿದೆ. ಪ್ರತಿ ಸೋಮವಾರ ಜಿಲ್ಲಾಧಿಕಾರಿ ಕಚೇರಿಯಲ್ಲಿ ಜನರ ಅಹವಾಲು ಕೇಳುತ್ತಾರೆ. ಬೆಟ್ಟದ ಹಳ್ಳಿಗಳಿಂದ ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ಸಾಲು ನಿಂತು, ನಮ್ಮೂರಿಗೆ ಬಸ್ಸು ಬಿಡಿ ಎಂದು ಮುದುಕಿಯರು ಅರ್ಜಿ ಕೊಡುವುದು ಅಲ್ಲೇ. ಆ ಸಾಲಿನಲ್ಲಿ ಪ್ರೊಫೆಸರರನ್ನು, ವೈದ್ಯರನ್ನು, ವಕೀಲರನ್ನು ನೋಡಿದವರಿದ್ದರೆ ಹೇಳಿ. ಈ ತಿಂಗಳೊಳಗೆ ಒಂದು ಸೋಮವಾರ ಅರ್ಧ ದಿನ ರಜೆ ಹಾಕಿ ಹೋಗಿ. ಅರ್ಜಿಯ ಜೊತೆ ಯಾರು, ಯಾವ ಊರಿಂದ, ಎಷ್ಟು ಗಂಟೆಗೆ ಬರುತ್ತಾರೆ ಎಂಬ ಪಟ್ಟಿ ಇರಲಿ. ಮಾರ್ಗ ಹಾಕುವವರು ಮೊದಲು ಕೇಳುವುದು ಅದನ್ನೇ. ಪಟ್ಟಿಯ ಮೇಲ್ತುದಿಯ ಸಹಿ ಅಟೆಂಡರದ್ದಾಗಿರಬಾರದು, ಕಾರಿನ ಕೀಲಿ ಜೇಬಿನಲ್ಲಿರುವವರದಾಗಿರಬೇಕು. ಹೋಗುವಾಗ ಬಸ್ಸಿನಲ್ಲೇ ಹೋಗಿ.